ಮುಯ್ಯಿ ಪುಸ್ತಕದ ಪೇಟೆ

ನಮ್ಮ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ಉದ್ದನೆಯ ಪುಸ್ತಕ ಇದೆ. ಅಂಚನ್ನು ಗೆದ್ದಲು ತಿಂದಿದೆ. ಮೊದಲ ಪುಟದ ನೆತ್ತಿಯಲ್ಲಿ ಅರಿಸಿನದ ಬೊಟ್ಟು, ಅದರ ಕೆಳಗೆ ‘ಶ್ರೀ’, ಆಮೇಲೆ ಪುಟಗಟ್ಟಲೆ ಊರುಗಳ ಹೆಸರು. ಅಪ್ಪ ಅಮ್ಮನ ಮದುವೆಯ ಮುಯ್ಯಿ ಪುಸ್ತಕ ಅದು. ಗೋವಿಂದನಹಳ್ಳಿ, 5 ರೂಪಾಯಿ. ಕಿಕ್ಕೇರಿ, ಹಿತ್ತಾಳೆ ಚೊಂಬು ಒಂದು. ಹೊಸಹೊಳಲು, 2 ರೂಪಾಯಿ, ರವಿಕೆ ಕಣ ಒಂದು. ಅಕ್ಕಿಹೆಬ್ಬಾಳು, ಮಂದಗೆರೆ, ಬೂಕನಕೆರೆ. ನಡುನಡುವೆ ‘ಪೇಟೆ’ ಎಂದಷ್ಟೇ ಬರೆದ ಸಾಲುಗಳು: ಪೇಟೆ, ಪಂಚೆ ಜೊತೆ. ಪೇಟೆ, ಸ್ಟೀಲಿನ ತಟ್ಟೆ. ನಮ್ಮ ಕಡೆ ‘ಪೇಟೆ’ ಅಂದರೆ ಯಾವ ಪೇಟೆ ಎಂದು ಯಾರೂ ಕೇಳುವುದಿಲ್ಲ. ಅದು ಕೃಷ್ಣರಾಜಪೇಟೆ.

ಬೇರೆ ಸೀಮೆಯವರಿಗಾಗಿ ಒಂದು ಮಾತು. ಮುಯ್ಯಿ ಅಂದರೆ ಉಡುಗೊರೆಯಲ್ಲ, ಸಾಲವೂ ಅಲ್ಲ. ಇವತ್ತು ನನ್ನ ಮನೆಯ ಮದುವೆಗೆ ನೀವು 5 ರೂಪಾಯಿ ಹಾಕಿದರೆ, ನಾಳೆ ನಿಮ್ಮ ಮಗಳ ಮದುವೆಗೆ ನಾನು 10 ಹಾಕಬೇಕು. ಸರಿಯಾಗಿ ಐದನ್ನೇ ಹಾಕಿದರೆ ಲೆಕ್ಕ ಚುಕ್ತಾ ಆಗಿಬಿಡುತ್ತದೆ, ಸಂಬಂಧವೂ ಅಲ್ಲಿಗೇ ನಿಂತಂತೆ. ಯಾವಾಗಲೂ ಒಬ್ಬರ ಕೈಯಲ್ಲಿ ಇನ್ನೊಬ್ಬರದು ಒಂದಿಷ್ಟು ಉಳಿದಿರಬೇಕು. ಹೊಲದ ಕೆಲಸದಲ್ಲಿ ಇದೇ ಮುಯ್ಯಾಳು: ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾವು, ನಾಡಿದ್ದು ನಮ್ಮದಕ್ಕೆ ನೀವು. ಕೂಲಿಯ ಮಾತೇ ಇಲ್ಲ. ಈ ಪೇಟೆಯ ಚರಿತ್ರೆಯನ್ನು ಹೇಳು ಎಂದರೆ ನಾನು ಗೆಜೆಟಿಯರನ್ನು ಆಮೇಲೆ ತೆಗೆಯುತ್ತೇನೆ, ಮೊದಲು ಈ ಗೆದ್ದಲು ಹಿಡಿದ ಪುಸ್ತಕ ಬಿಚ್ಚುತ್ತೇನೆ. ಇಲ್ಲಿ ಪೇಟೆ ಹಳ್ಳಿಗಳನ್ನು ಸಾಕಲಿಲ್ಲ, ಹಳ್ಳಿಗಳು ಸೇರಿ ಪೇಟೆಯನ್ನು ಸಾಕಿದವು. ಆ ಮುಯ್ಯಿ ಇನ್ನೂ ತೀರಿಲ್ಲ.

ಪುಸ್ತಕದ ಮೊದಲ ಊರಿನಿಂದಲೇ ಹೊರಡೋಣ. ಮೈಸೂರಿನಿಂದ ಚನ್ನರಾಯಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ ಕೆ.ಆರ್. ಪೇಟೆ ದಾಟಿದರೆ ಕಿಕ್ಕೇರಿ. ಅಲ್ಲಿಂದ ಒಳಗೆ ತಿರುಗಿದರೆ ತೆಂಗಿನ ತೋಟ, ರಾಗಿ ಹೊಲಗಳ ನಡುವೆ ಗೋವಿಂದನಹಳ್ಳಿ. ಸಣ್ಣ ಊರು. ಅಲ್ಲಿರುವ ಪಂಚಲಿಂಗೇಶ್ವರ ದೇವಾಲಯ ಮಾತ್ರ ಸಣ್ಣದಲ್ಲ. ಹೊಯ್ಸಳರ ಕಾಲದಲ್ಲಿ, 13ನೆಯ ಶತಮಾನದಲ್ಲಿ ಕಟ್ಟಿದ್ದು. ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿವೆ, ಒಂದೊಂದಕ್ಕೂ ಅದರದೇ ಶಿಖರ. ಹೊಯ್ಸಳರು ಏಕಕೂಟ, ದ್ವಿಕೂಟ, ತ್ರಿಕೂಟಗಳನ್ನು ನಾಡಿನ ತುಂಬ ಕಟ್ಟಿದರು. ಪಂಚಕೂಟ ಅಪರೂಪ. ಒಳಗೆ ಈಶಾನ, ತತ್ಪುರುಷ, ಅಘೋರ, ವಾಮದೇವ, ಸದ್ಯೋಜಾತ, ಶಿವನ ಐದು ಮುಖಗಳ ಹೆಸರಿನ ಐದು ಲಿಂಗಗಳು. ಇವುಗಳಲ್ಲಿ ಒಂದು ಗುಡಿ ಆಮೇಲೆ ಸೇರಿದ್ದು ಎನ್ನುವುದು ಕಲಾ ಇತಿಹಾಸ ಬಲ್ಲವರ ಅಭಿಪ್ರಾಯ.

ಬಾಗಿಲ ಬಳಿ ನಿಂತ ದ್ವಾರಪಾಲರ ಪೀಠವನ್ನು ಬಗ್ಗಿ ನೋಡಬೇಕು. ಅಲ್ಲಿ ಮಲ್ಲಿತಮ್ಮನ ಹೆಸರಿದೆ. ಸೋಮನಾಥಪುರದಲ್ಲಿ ಹೆಸರು ಕೆತ್ತಿದ ರೂವಾರಿ ಮಲ್ಲಿತಮ್ಮನೇ. ರಾಜರ ಬಿರುದಾವಳಿಗಳ ನಡುವೆ ಕೆಲಸಗಾರನೊಬ್ಬ ತನ್ನ ಹೆಸರನ್ನು ದ್ವಾರಪಾಲಕನ ಕಾಲಬುಡದಲ್ಲಿ ಇಟ್ಟು ಹೋಗಿದ್ದಾನೆ. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಹೋದಾಗ ಆತ ತನ್ನ ಒರಟು ಹೆಬ್ಬೆರಳಿನಿಂದ ಆ ಅಕ್ಷರಗಳನ್ನು ಸವರಿ, “ಓದಕ್ಕೆ ಬರಾಕಿಲ್ಲ ಕಣ್ಲಾ ಮಗ, ಮುಟ್ಟಿ ನೋಡ್ಬೋದು” ಅಂದಿದ್ದ. ಅದು ಬಳಪದ ಕಲ್ಲು. ಬೇಸಿಗೆಯ ಮಧ್ಯಾಹ್ನದಲ್ಲೂ ತಣ್ಣಗೆ, ಎಣ್ಣೆ ಸವರಿದಂತೆ ನುಣ್ಣಗೆ ಇತ್ತು. ಹೊರಗೆ ಕಣದಲ್ಲಿ ಹುರುಳಿ ಬಡಿಯುತ್ತಿದ್ದರು. ಆ ಸದ್ದು ಉದ್ದನೆಯ ನವರಂಗದ ಒಳಗೆ ಕಂಬದಿಂದ ಕಂಬಕ್ಕೆ ಹಾದು ಬರುತ್ತಿತ್ತು.

ಇಲ್ಲಿ ನನಗೆ ಇಷ್ಟವಾಗುವುದು ಐದು ಗುಡಿಗಳ ಸಾಲು. ನಡುವಿನದು ದೊಡ್ಡದು, ಅಕ್ಕಪಕ್ಕದವು ಸಣ್ಣವು ಎಂಬ ಏರುಪೇರು ಇಲ್ಲ. ಐದಕ್ಕೂ ಒಂದೇ ಹಜಾರ. ಪಂಕ್ತಿಯಲ್ಲಿ ಊಟಕ್ಕೆ ಕೂತ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಪಕ್ಕದ ಕಿಕ್ಕೇರಿಯ ಬ್ರಹ್ಮೇಶ್ವರ ಇದಕ್ಕಿಂತ ಹಳೆಯದು, 1171ರದು. ಒಂದನೆಯ ನರಸಿಂಹನ ಕಾಲದಲ್ಲಿ ಒಬ್ಬ ಹೆಣ್ಣುಮಗಳು, ಬಮ್ಮವೆ ನಾಯಕಿತಿ, ಕಟ್ಟಿಸಿದ್ದು. ಪೇಟೆಗೆ ಅಂಟಿಕೊಂಡಂತೆಯೇ ಇರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಹೊರಗೋಡೆಯ ಬುಡದ ಸುತ್ತ ರಾಮಾಯಣ, ಮಹಾಭಾರತ ಸಾಲಾಗಿ ನಡೆದಿವೆ. ಅಗ್ರಹಾರ ಬಾಚಹಳ್ಳಿಯ ಕಂಬಗಳ ಮೇಲೆ ಆನೆಗಳಿವೆ. ಒಡೆಯ ಸತ್ತರೆ ತಾವೂ ಪ್ರಾಣ ಬಿಡುವ ಭಾಷೆ ತೊಟ್ಟ ಗರುಡರ ಮನೆತನದ ನೆನಪು ಅವು. ಆ ಕಲ್ಲುಗಳ ಮುಂದೆ ನಿಂತಾಗ ಮೆಚ್ಚುವುದೋ ಮರುಗುವುದೋ ತಿಳಿಯುವುದಿಲ್ಲ. ಜೀವವನ್ನೇ ಮುಯ್ಯಿ ಹಾಕಿದವರು ಅವರು. ಹಿಂದಿರುಗಿ ಪಡೆಯಲು ಮಾತ್ರ ಯಾರೂ ಉಳಿಯಲಿಲ್ಲ.

ಈ ಎಲ್ಲ ಊರುಗಳ ನಡುವೆ ಪೇಟೆ ಹುಟ್ಟಿದ್ದು ತಡವಾಗಿ. ಅದರ ಹಳೆಯ ಹೆಸರು ಅತ್ತಿಕುಪ್ಪೆ. ಮೈಸೂರು ಅರಸರ ಹೆಸರಿನಲ್ಲಿ ಅದು ಕೃಷ್ಣರಾಜಪೇಟೆಯಾಯಿತು. ಹೆಸರು ಬದಲಾಗುವುದು ಈ ಸೀಮೆಗೆ ಹೊಸದೇನಲ್ಲ. ನೆರೆಯ ಹಿರೋಡೆ, ಹೈದರ್ ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಆಗಿ, ಆಮೇಲೆ ಪಾಂಡವಪುರವಾಯಿತು. 1939ರಲ್ಲಿ ಮೈಸೂರು ಜಿಲ್ಲೆಯನ್ನು ಒಡೆದು ಮಂಡ್ಯ ಜಿಲ್ಲೆ ಮಾಡಿದಾಗ ನಾವು ಮಂಡ್ಯದವರಾದೆವು. ಕಸಬಾ, ಶೀಳನೆರೆ, ಬೂಕನಕೆರೆ, ಕಿಕ್ಕೇರಿ, ಅಕ್ಕಿಹೆಬ್ಬಾಳು, ಸಂತೇಬಾಚಹಳ್ಳಿ, ಹೀಗೆ ಆರು ಹೋಬಳಿ. ಮೈಸೂರು–ಅರಸೀಕೆರೆ ರೈಲು ಅಕ್ಕಿಹೆಬ್ಬಾಳು, ಮಂದಗೆರೆ ಮುಟ್ಟಿ ಹೋಗುತ್ತದೆ, ಪೇಟೆಯನ್ನು ಮುಟ್ಟುವುದಿಲ್ಲ. ತಾಲ್ಲೂಕು ಕೇಂದ್ರದಲ್ಲಿ ರೈಲಿಲ್ಲ, ಹೋಬಳಿಯಲ್ಲಿದೆ. ಪೇಟೆ ಈಗ ಪುರಸಭೆಯ ಊರು. ಆದರೆ ಸಂತೆಯ ದಿನ ನೋಡಬೇಕು. ಅವತ್ತು ತರಕಾರಿ ಮೂಟೆ, ಕೋಳಿ, ಹಗ್ಗ, ಮೂಗುದಾರ, ಕುಡುಗೋಲು, ಎಲೆ ಅಡಿಕೆ ಎಲ್ಲ ಬೀದಿಗೆ ಬಂದು, ಪುರಸಭೆಯ ಊರು ಮತ್ತೆ ಹಳ್ಳಿಗಳ ಕೈಗೆ ಹೋಗುತ್ತದೆ. ಬಟ್ಟೆ ಅಂಗಡಿಯವರಿಗೆ ಗಿರಾಕಿಯ ಹೆಸರಿಗಿಂತ ಊರಿನ ಹೆಸರು ಮೊದಲು ಬಾಯಿಗೆ ಬರುತ್ತದೆ. “ಗೋವಿಂದನಳ್ಳಿಯವ್ರು ಬಂದ್ರು, ಕುರ್ಚಿ ಹಾಕು” ಎನ್ನುತ್ತಾರೆ. ನಾವು ಚಿಕ್ಕವರಿದ್ದಾಗ ಸುಗ್ಗಿಯ ಹೊತ್ತಿಗೆ ತೀರಿಸುವ ಮಾತಿನ ಮೇಲೆ ಸೀರೆ, ಪಂಚೆ ಕೊಡುತ್ತಿದ್ದರು. ಚೀಟಿ ಇರುತ್ತಿರಲಿಲ್ಲ.

ಸುಗ್ಗಿ ಬರಬೇಕಾದರೆ ನೀರು ಬರಬೇಕು. ಹೇಮಾವತಿ ಈ ತಾಲ್ಲೂಕಿನಲ್ಲೇ ಹರಿದು, ಅಂಬಿಗರಹಳ್ಳಿ–ಸಂಗಾಪುರದ ಬಳಿ ಕಾವೇರಿ, ಲಕ್ಷ್ಮಣತೀರ್ಥಗಳನ್ನು ಕೂಡುತ್ತದೆ. ಮಂದಗೆರೆ, ಹೇಮಗಿರಿ, ಅಕ್ಕಿಹೆಬ್ಬಾಳುಗಳಲ್ಲಿ ಹೊಳೆಗೆ ಅಡ್ಡಲಾಗಿ ಅರಸರ ಕಾಲದ ಅಣೆಕಟ್ಟೆಗಳಿವೆ. ಆಕಾಶ ಮುಟ್ಟುವ ಗೋಡೆಗಳಲ್ಲ, ನೀರನ್ನು ಒಂದಷ್ಟು ತಡೆದು ನಾಲೆಗೆ ತಿರುಗಿಸಿ, ಉಳಿದದ್ದನ್ನು ಮೈಮೇಲೆಯೇ ಹಾಯಿಸಿ ಬಿಡುವ ಕಲ್ಲಿನ ಕಟ್ಟೆಗಳು. ನಾಲೆಯ ನೀರನ್ನು ಗದ್ದೆಗಳಿಗೆ ಹಂಚುವವನು ನೀರುಗಂಟಿ. ಹೆಗಲ ಮೇಲೆ ಗುದ್ದಲಿ, ಕೈಯಲ್ಲಿ ಲಾಟೀನು ಹಿಡಿದು ಸರಿರಾತ್ರಿಯಲ್ಲಿ ತೂಬಿನಿಂದ ತೂಬಿಗೆ ನಡೆಯುತ್ತಿದ್ದ. ಮೇಲಿನ ಗದ್ದೆಯವನು ದೊಡ್ಡ ಗೌಡನಾದರೂ ಸರದಿ ಮುಗಿದ ಮೇಲೆ ಮಡೆ ಕಟ್ಟಲೇಬೇಕು. ಕಟ್ಟದಿದ್ದರೆ ಬೆಳಿಗ್ಗೆ ಅರಳಿಕಟ್ಟೆಯಲ್ಲಿ ಪಂಚಾಯ್ತಿ. ನೀರುಗಂಟಿಗೆ ಕೊಡುತ್ತಿದ್ದುದು ಕಣದ ಕಾಳು. ತೂರಿದ ರಾಶಿಯಿಂದ ಮೊದಲ ಮೊರ ದೇವರಿಗೆ, ಆಮೇಲೆ ನೀರುಗಂಟಿಗೆ, ಮಡಿವಾಳರಿಗೆ, ಕಮ್ಮಾರರಿಗೆ. ಈ ಹಂಚಿಕೆಯಲ್ಲಿ ಜಾತಿಯ ಮೇಲುಕೀಳು ಇತ್ತು. ಕಣದ ಅಂಚಿನಲ್ಲಿ ನಿಂತು ಸೆರಗೊಡ್ಡಿದವರ ಮಕ್ಕಳು ಆ ನೆನಪನ್ನು ನನ್ನ ಹಾಗೆ ಸಡಗರದಿಂದ ಹೇಳುವುದಿಲ್ಲ. ಅವರ ಮಾತನ್ನು ಬಿಟ್ಟು ಬರೆದರೆ ಈ ಊರಿನ ಕತೆ ಅರ್ಧವೇ.

ನೀರು ಕೊಟ್ಟದ್ದನ್ನು ಹೇಳಿ ಕಿತ್ತುಕೊಂಡದ್ದನ್ನು ಹೇಳದಿದ್ದರೆ ತಪ್ಪಾಗುತ್ತದೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ವಿಶ್ವೇಶ್ವರಯ್ಯನವರ ಪಟ ಮಂಡ್ಯ ಸೀಮೆಯ ಮನೆಮನೆಯ ಗೋಡೆಯ ಮೇಲೆ ದೇವರ ಪಟದ ಪಕ್ಕ ಇರುವುದು ಇದಕ್ಕೇ. ಕಟ್ಟೆ ತುಂಬುವ 124.80 ಅಡಿ ಎಂಬ ಅಂಕಿ ಇಲ್ಲಿನ ಮಕ್ಕಳಿಗೂ ಮಗ್ಗಿಯಂತೆ ಬಾಯಿಪಾಠ. ಕಟ್ಟೆ ತುಂಬಿತೆಂದರೆ ಊರೂರಲ್ಲಿ ಹಬ್ಬ. ಆದರೆ ಆ ನೀರಿನ ಅಡಿಯಲ್ಲಿ ಕನ್ನಂಬಾಡಿಯೂ ಸೇರಿ ಹಲವು ಊರುಗಳಿವೆ. ಮುಳುಗಡೆಯಾದ ಊರಿನವರು ಮೇಲೆ ಬಂದು ಹೊಸ ಊರು ಕಟ್ಟಿ, ಹಳೆಯ ಹೆಸರಿನ ಹಿಂದೆ ‘ಹೊಸ’ ಎಂದು ಸೇರಿಸಿಕೊಂಡರು. ಬರಗಾಲದಲ್ಲಿ ಹಿನ್ನೀರು ಇಳಿದಾಗ ಹಳೆಯ ವೇಣುಗೋಪಾಲಸ್ವಾಮಿ ಗುಡಿ ತಲೆ ಎತ್ತುತ್ತಿತ್ತು. ಈಗ ಆ ಗುಡಿಯ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ಕಟ್ಟಿದ್ದಾರೆ. ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆ ಹಸಿರಾದದ್ದು ಆ ನೀರಿನಿಂದ. ಆ ಹಸಿರಿನ ಮುಯ್ಯಿ ಪುಸ್ತಕದಲ್ಲಿ ಮೊದಲು ಬರೆಯಬೇಕಾದವರು ಮುಳುಗಿದ ಊರಿನವರು.

ನಮ್ಮ ತಾಲ್ಲೂಕಿನ ದೊಡ್ಡ ಭಾಗಕ್ಕೆ ನಾಲೆ ನೀರು ಬಂದದ್ದು ಗೊರೂರಿನ ಹೇಮಾವತಿ ಜಲಾಶಯದ ಎಡದಂಡೆ ನಾಲೆಯಿಂದ. ಆಮೇಲೆ ರಾಗಿ ಹೊಲಗಳು ಭತ್ತ, ಕಬ್ಬಿನ ಗದ್ದೆಯಾದವು. ಮಂಡ್ಯದಲ್ಲಿ 1933ರಲ್ಲೇ ಮೈಷುಗರ್ ಸಕ್ಕರೆ ಕಾರ್ಖಾನೆ ಬಂದಿತ್ತು. ಪಾಂಡವಪುರದಲ್ಲಿ ಸಹಕಾರಿ ಕಾರ್ಖಾನೆ ಬಂತು, ನಮ್ಮಲ್ಲಿ ಮಾಕವಳ್ಳಿಯ ಕಾರ್ಖಾನೆ ಬಂತು. ಪಾಂಡವಪುರದ್ದು ರೈತರ ಷೇರಿನ ಕಾರ್ಖಾನೆ, ನಷ್ಟಕ್ಕೆ ಬಿದ್ದು, ವರ್ಷಗಟ್ಟಲೆ ನಿಂತು, 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋಯಿತು. ಕಬ್ಬು ಕಡಿಯಲು ಅನುಮತಿ ಸಿಗದೆ ಸೂಲಂಗಿ ಬಂದು ಗದ್ದೆಯಲ್ಲೇ ಒಣಗಿದ್ದು, ಕೊಟ್ಟ ಕಬ್ಬಿನ ಬಾಕಿಗೆ ಕಾದು ಕಾದು ಬಡ್ಡಿ ಬೆಳೆದದ್ದು ಈ ಸೀಮೆಯ ಮನೆಮನೆಯ ಅನುಭವ. ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರು ಹಸಿರು ಶಾಲು ಹೊದ್ದು ಮಾತಾಡುತ್ತಿದ್ದುದು ಇದನ್ನೇ. ರೈತ ಸಂಘದ ಭಾಷಣವನ್ನು ಅವರು ಅರಳಿಕಟ್ಟೆಯ ಹರಟೆಯ ಧಾಟಿಯಲ್ಲಿ ಮಾಡುತ್ತಿದ್ದರು, ನಗಿಸುತ್ತಲೇ ಲೆಕ್ಕ ಕೇಳುತ್ತಿದ್ದರು. 2018ರ ಫೆಬ್ರವರಿಯಲ್ಲಿ ಕಬಡ್ಡಿ ಆಟ ನೋಡುತ್ತ ಕುಸಿದು ಹೋದರು. ಅವರು ಹೋದ ಮೇಲೆ ಸಂತೆಯ ಚಹಾ ಅಂಗಡಿಗಳಲ್ಲಿ ಮಾತಿನ ರುಚಿ ಕಡಿಮೆಯಾಯಿತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಕಾರ್ಖಾನೆ ಕೈಬಿಟ್ಟಾಗ ಕೈಹಿಡಿದದ್ದು ಆಲೆಮನೆ. ಬೆಳಗಿನ ಜಾವ ಆಲೆಮನೆಯ ಹತ್ತಿರ ಹೋಗಬೇಕು. ಗಾಣದಿಂದ ಹಾಲು ತೊಟ್ಟಿಗೆ ಬೀಳುತ್ತಿರುತ್ತದೆ (ಕಬ್ಬಿನ ರಸಕ್ಕೆ ನಾವು ಹಾಲು ಎನ್ನುತ್ತೇವೆ), ಅಲ್ಲಿಂದ ಅದು ಕೊಪ್ಪರಿಗೆಗೆ. ಒಣಗಿದ ರಚ್ಚನ್ನು ಒಲೆಯ ಬಾಯಿಗೆ ನೂಕುತ್ತಲೇ ಇರಬೇಕು. ಹಾಲು ಕಾದಂತೆ ಕರಿ ನೊರೆ ಮೇಲೆ ಬರುತ್ತದೆ, ಅದನ್ನು ಜಾಲರಿಯಲ್ಲಿ ತೆಗೆಯುತ್ತ ಹೋದರೆ ಬಣ್ಣ ತಿಳಿಯಾಗುತ್ತದೆ. ಪಾಕ ನೋಡುವವನೇ ಅಲ್ಲಿ ಯಜಮಾನ. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿಸುತ್ತಾನೆ. ಉಂಡೆ ಕಟ್ಟಿತೋ, ಇಳಿಸು. ಒಂದು ಗಳಿಗೆ ಮುಂಚೆ ಇಳಿಸಿದರೆ ಬೆಲ್ಲ ಅಚ್ಚು ಹಿಡಿಯುವುದಿಲ್ಲ, ಒಂದು ಗಳಿಗೆ ತಡವಾದರೆ ಸೀದು ಹೋಗುತ್ತದೆ. ನಾವು ಮಕ್ಕಳು ಕಬ್ಬಿನ ತುಂಡನ್ನು ಪಾಕದಲ್ಲಿ ಅದ್ದಿ, ಊದಿ ಊದಿ ಚೀಪುತ್ತಿದ್ದೆವು. ದಾರಿಯಲ್ಲಿ ಹೋಗುವವರು ಯಾರೇ ಆಗಲಿ, ಆಲೆಮನೆಗೆ ಬಂದವರನ್ನು ಒಂದು ಚೊಂಬು ಹಾಲು ಕುಡಿಸದೆ ಕಳಿಸುವಂತಿಲ್ಲ. ಈಗ ಹಲವು ಆಲೆಮನೆಗಳಲ್ಲಿ ಪಾಕ ನೋಡುತ್ತಿರುವವರು ಉತ್ತರ ಭಾರತದಿಂದ ಬಂದ ಕಾರ್ಮಿಕರು. ಕನ್ನಡ ಕಲಿತಿದ್ದಾರೆ. “ಕುಡೀರಿ ಅಣ್ಣ” ಎಂದು ಚೊಂಬು ಚಾಚುತ್ತಾರೆ.

ಬೆಲ್ಲದ ಕಾಲ ಇರುವಾಗಲೇ ಹೇಮಗಿರಿಯ ಜಾತ್ರೆ. ರಥಸಪ್ತಮಿಯ ಸುಮಾರಿಗೆ ಹೊಳೆಯ ದಡದಲ್ಲಿ ದನಗಳ ಜಾತ್ರೆ ಕೂಡುತ್ತದೆ. ಹಳ್ಳಿಕಾರ್ ಹೋರಿಗಳಿಗೆ ಕೊಂಬು ನುಣುಪು ಮಾಡಿ, ಕುಚ್ಚು ಕಟ್ಟಿ, ಮಗನ ಮದುವೆ ಮೆರವಣಿಗೆಯ ಹಾಗೆ ಕರೆತರುತ್ತಾರೆ. ಕೊಳ್ಳುವವನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ: ಹಾಲಲ್ಲೋ, ಎರಡಲ್ಲೋ, ಆರಲ್ಲೋ, ಬಾಯ್ಗೂಡಿದೆಯೋ. ಆಮೇಲೆ ಸುಳಿ. ವ್ಯಾಪಾರ ಟವಲ್ಲಿನ ಅಡಿಯಲ್ಲಿ ನಡೆಯುತ್ತದೆ. ದಳ್ಳಾಳಿಯ ಬೆರಳುಗಳೂ ರೈತನ ಬೆರಳುಗಳೂ ಒಳಗೆ ಮಾತಾಡುತ್ತಿದ್ದರೆ, ಹೊರಗೆ ಇಬ್ಬರೂ ಮಳೆ ಬೆಳೆ ಮಾತಾಡುತ್ತಿರುತ್ತಾರೆ. ಟ್ರ್ಯಾಕ್ಟರ್ ಬಂದ ಮೇಲೆ ಜೋಡಿ ಕಡಿಮೆಯಾಗಿವೆ. ಆದರೂ ಉಳುಮೆಗೆ ಬೇಡದ ಎತ್ತನ್ನು ಬರೀ ಮರ್ಯಾದೆಗೆಂದು ಸಾಕುವ ಮನೆಗಳು ನಮ್ಮಲ್ಲಿವೆ.

ಜಾತ್ರೆ, ಹಬ್ಬ ಕಳೆದ ಮೇಲೆ ನಾಟಕ. ಮಂಡ್ಯ ಸೀಮೆಯ ರೈತನಿಗೂ ಕುರುಕ್ಷೇತ್ರ ನಾಟಕಕ್ಕೂ ಇರುವ ನಂಟು ಬೇರೆ ಕಡೆಯವರಿಗೆ ಹೇಳಿದರೆ ನಂಬುವುದಿಲ್ಲ. ಇಲ್ಲಿ ಪಾತ್ರಧಾರಿಗೆ ಸಂಭಾವನೆ ಇಲ್ಲ, ಪಾತ್ರಧಾರಿಯೇ ದುಡ್ಡು ಕಟ್ಟಬೇಕು. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು, ಸೈಂಧವನಿಗೆ ಇಷ್ಟು. ಹಾರ್ಮೋನಿಯಂ ಮೇಷ್ಟ್ರು ಬಂದು ಯಾವುದಾದರೂ ಮನೆಯ ಜಗುಲಿಯಲ್ಲಿ ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಹಗಲೆಲ್ಲ ಕಬ್ಬು ಕಡಿದವನು ರಾತ್ರಿ ಭೀಮನ ಕಂದ ಕಲಿಯುತ್ತಾನೆ. ಓದು ಬರದವರಿಗೆ ಮೇಷ್ಟ್ರು ಒಂದೊಂದೇ ಸಾಲು ಬಾಯಲ್ಲಿ ಹೇಳಿಕೊಡುತ್ತಾರೆ. ನಮ್ಮ ಚಿಕ್ಕಪ್ಪ ಕರ್ಣನ ಪಾತ್ರಕ್ಕೆ ಒಂದು ಹಸುವನ್ನೇ ಮಾರಿದ. ಚಿಕ್ಕಮ್ಮ ಮೂರು ದಿನ ಮಾತು ಬಿಟ್ಟಳು. ನಾಟಕದ ರಾತ್ರಿ ಮುಂದಿನ ಸಾಲಿನಲ್ಲಿ ಚಾಪೆ ಹಾಕಿ ಕೂತವಳೂ ಅವಳೇ. ಕವಚ ಕುಂಡಲ ಕೊಟ್ಟುಬಿಡುವ ದೃಶ್ಯದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಪಕ್ಕದವರಿಗೆ, “ನೋಡವ್ವ, ಎಂಗ್ ಕೊಟ್ಬುಟ್ಟ” ಅಂದಳು. ಕರ್ಣನ ದಾನದ ಜೊತೆ ಹಸುವನ್ನೂ ನೆನೆದು ಅಂದಳೋ ಏನೋ. ಬೆಳಿಗ್ಗೆ ಆರಕ್ಕೆ ನಾಟಕ ಮುಗಿದು, ಎಂಟಕ್ಕೆ ಮುಖದ ಬಣ್ಣ ಪೂರ್ತಿ ಹೋಗದ ಕರ್ಣ ಡೇರಿಗೆ ಹಾಲು ಹಾಕಲು ನಿಂತಿದ್ದ.

ಇಂಥ ಮಾತಿನ ಸೀಮೆಯಲ್ಲೇ, 1915ರಲ್ಲಿ ಕಿಕ್ಕೇರಿಯಲ್ಲಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದರು. ಅದಕ್ಕೂ ಮುಂಚೆ 1900ರಲ್ಲಿ ಅಕ್ಕಿಹೆಬ್ಬಾಳಿನಲ್ಲಿ ಎ.ಎನ್. ಮೂರ್ತಿರಾವ್. ಒಬ್ಬರು ಗಂಡ ಹೆಂಡಿರ ಸರಸವನ್ನು ‘ಮೈಸೂರ ಮಲ್ಲಿಗೆ’ಯಲ್ಲಿ ಮನೆಮಾತು ಮಾಡಿದರು, ಇನ್ನೊಬ್ಬರು ‘ದೇವರು’ ಬರೆದು ಇಳಿವಯಸ್ಸಿನಲ್ಲಿ ನಾಡನ್ನು ಯೋಚನೆಗೆ ಹಚ್ಚಿದರು. ಇಬ್ಬರೂ 2003ರಲ್ಲೇ ತೀರಿಕೊಂಡರು. ತವರು, ಬಳೆಗಾರ, ಹಿತ್ತಿಲ ಬಾಗಿಲು, ಇವೆಲ್ಲ ಕವಿತೆಯಾಗಬಲ್ಲವು ಎಂದು ಕಿಕ್ಕೇರಿಯ ಕವಿ ತೋರಿಸಿದ್ದು ನಮ್ಮ ಹೆಂಗಸರ ಬದುಕಿಗೆ ಸಂದ ಮುಯ್ಯಿ ಎಂದು ನಾನು ತಿಳಿದಿದ್ದೇನೆ.

ಇನ್ನು ಮುಂಬೈ ಮಾತು. ನಾಲೆ ಮುಟ್ಟದ, ಮಳೆಯನ್ನೇ ನಂಬಿದ ಹಳ್ಳಿಗಳಿಂದ ತಲೆಮಾರಿನಿಂದ ಜನ ಬಾಂಬೆಗೆ ಹೋಗುತ್ತಿದ್ದಾರೆ. ಹೋಟೆಲಿನಲ್ಲಿ ಲೋಟ ತೊಳೆದು, ಆಟೊ, ಟ್ಯಾಕ್ಸಿ ಓಡಿಸಿ, ಒಬ್ಬ ಇನ್ನೊಬ್ಬನನ್ನು ಕರೆದು, ಅಣ್ಣ ತಮ್ಮನನ್ನು, ಮಾವ ಅಳಿಯನನ್ನು ಹೀಗೆ ಕರೆಸಿಕೊಂಡು ಅಲ್ಲೊಂದು ಕೆ.ಆರ್. ಪೇಟೆ ಕಟ್ಟಿದ್ದಾರೆ. ಮುಂಬೈಯಲ್ಲಿ ಉದ್ಯಮ ಬೆಳೆಸಿ ಬಂದವರೊಬ್ಬರು ಇಲ್ಲಿಂದ ಶಾಸಕರಾಗಿ ಮಂತ್ರಿಯೂ ಆದರು. ಊರಿನ ಗುಡಿಯ ಗೋಪುರಕ್ಕೆ, ಶಾಲೆಯ ಕೊಠಡಿಗೆ, ನಾಟಕದ ಸೀನರಿಗೆ ಬಾಂಬೆಯ ದುಡ್ಡು ಬಂದಿದೆ. ಕಲ್ಲಿನ ಫಲಕಗಳಲ್ಲಿ ‘ಮುಂಬೈ’ ಎಂದು ಕೆತ್ತಿದ ಹೆಸರುಗಳಿವೆ.

2020ರ ಮೇ ತಿಂಗಳಲ್ಲಿ ಅವರೆಲ್ಲ ಹಿಂತಿರುಗಿದರು. ಕೊರೊನಾಕ್ಕೆ ಮುಂಬೈ ತತ್ತರಿಸಿತ್ತು, ಕೆಲಸ ನಿಂತಿತ್ತು, ಬಾಡಿಗೆ ಕಟ್ಟಲಾಗದು, ಮಕ್ಕಳನ್ನು ಎತ್ತಿಕೊಂಡು ಬಂದರು. ಮಂಡ್ಯ ಜಿಲ್ಲೆಯಲ್ಲಿ ಸೋಂಕಿನ ಲೆಕ್ಕ ಏರಿದ್ದು ಹೆಚ್ಚಾಗಿ ಮುಂಬೈಯಿಂದ ಬಂದವರಿಂದ. ಅದರಲ್ಲಿ ನಮ್ಮ ತಾಲ್ಲೂಕಿನದೇ ದೊಡ್ಡ ಪಾಲು. ಪ್ರತಿ ಸಂಜೆ ಟಿ.ವಿ.ಯಲ್ಲಿ ಕೆ.ಆರ್. ಪೇಟೆಯ ಹೆಸರು. ಕೆಲವು ಊರುಗಳಲ್ಲಿ ಮುಳ್ಳು ಹಾಕಿ ದಾರಿ ಮುಚ್ಚಿದರು. ಗುಡಿಗೆ ದುಡ್ಡು ಕೊಟ್ಟವರನ್ನೇ ಊರಾಚೆ ನಿಲ್ಲಿಸಿದೆವು. ನಿಲ್ಲಿಸಿದವರಲ್ಲಿ ನಾನೂ ಇದ್ದೆ, ಕೈಯಲ್ಲಿ ಬೇಲಿಯ ಕೊಂಬೆ ಹಿಡಿದಿದ್ದೆ. ಮುಳ್ಳಿನ ಆ ಕಡೆ ನಿಂತವನು ನನ್ನ ಜೊತೆ ಏಳನೆಯ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕೂತವನು. ಏನೂ ಅನ್ನಲಿಲ್ಲ. ಹೆಗಲ ಮೇಲಿದ್ದ ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ.

ಅವರನ್ನು ಶಾಲೆ, ಹಾಸ್ಟೆಲುಗಳಲ್ಲಿ ಇರಿಸಿದರು. ಎರಡನೆಯ ದಿನ ಸಂಜೆ ನಮ್ಮ ಚಿಕ್ಕಮ್ಮ, ಅದೇ ಕರ್ಣನ ಹೆಂಡತಿ, ಒಂದು ಪಾತ್ರೆಯಲ್ಲಿ ಮುದ್ದೆ, ಒಂದರಲ್ಲಿ ಅವರೆಕಾಳಿನ ಉಪ್ಸಾರು ಹೊತ್ತು ಶಾಲೆಯ ಗೇಟಿನ ಬಳಿ ಇಟ್ಟು ಬಂದಳು. “ಗುಡಿ ಕಲ್ಲಲ್ಲಿ ಅವ್ರ್ ಹೆಸರೈತೆ. ಅವ್ರನ್ನ ಉಪಾಸ ಕೆಡುವ್ಬುಟ್ಟು ನಾವು ಆ ಗುಡಿ ಒಳಿಕ್ಕೆ ಎಂಗ್ ಹೋಗಾದು?” ಮಾರನೆಯ ದಿನ ಗೇಟಿನ ಬಳಿ ಆರು ಪಾತ್ರೆಗಳಿದ್ದವು, ಅದರ ಮಾರನೆಯ ದಿನ ಎಣಿಸಲಿಲ್ಲ. ಅವರು ಹೊರಗೆ ಬಂದ ಹೊತ್ತಿಗೆ ಮುಂಗಾರು ಶುರುವಾಗಿತ್ತು. ಬಹಳ ಮಂದಿ ಆ ವರ್ಷ ಅಪ್ಪನ ಬೀಳುಬಿದ್ದ ಹೊಲಕ್ಕೆ ನೇಗಿಲು ಹೂಡಿದರು. ರಾಗಿ ನಾಟಿಗೆ ಮುಯ್ಯಾಳು ಸಾಕಷ್ಟು ಸಿಕ್ಕಿತು. ಹಲವರು ಆಮೇಲೆ ಬಾಂಬೆಗೆ ಮರಳಿದರು. ಕೆಲವರು ಇಲ್ಲೇ ನಿಂತರು, ಪೇಟೆಯಲ್ಲಿ ಹೋಟೆಲು ಇಟ್ಟಿದ್ದಾರೆ.

ಈಚೆಗೆ ನಮ್ಮ ಮನೆಯಲ್ಲಿ ಒಂದು ಮದುವೆ. ಪೇಟೆಯ ಸಮುದಾಯ ಭವನದಲ್ಲಿ ಮುಯ್ಯಿ ಬರೆಯುವ ಕೆಲಸ ನನ್ನದು. ಮೇಜಿನ ಮೇಲೆ ಅರಿಸಿನ ಕುಂಕುಮ, ಹೊಸ ಪುಸ್ತಕ, ಪಕ್ಕದಲ್ಲಿ ಮೊಬೈಲಿನಿಂದ ದುಡ್ಡು ಹಾಕುವವರಿಗೆ ಸ್ಕ್ಯಾನ್ ಮಾಡುವ ಚೀಟಿ. ದುಡ್ಡು ಹೇಗೇ ಬರಲಿ, ಪುಸ್ತಕದಲ್ಲಿ ಬರೆದರೇ ಮುಯ್ಯಿ. ಸಂಜೆಯ ಹೊತ್ತಿಗೆ ಒಬ್ಬ ಹುಡುಗ ಬಂದ. ಮುಂಬೈಯಲ್ಲೇ ಹುಟ್ಟಿ ಬೆಳೆದವನು, ಕನ್ನಡದಲ್ಲಿ ಮರಾಠಿಯ ರಾಗ. ಸಾವಿರ ರೂಪಾಯಿ ಕೊಟ್ಟ.

“ಊರು ಯಾವ್ದು ಬರೀಲಪ್ಪ, ಮುಂಬೈ ಅಂತ ಬರೀಲಾ?”

“ಬೇಡ ಅಣ್ಣ, ಗೋವಿಂದನಹಳ್ಳಿ ಅಂತ ಬರೀರಿ. ಮುಂಬೈ ಅಂದ್ರೆ ನೀವ್ ಮುಯ್ಯಿ ತೀರ್ಸೋಕೆ ಎಲ್ಲಿ ಅಂತ ಹುಡುಕ್ತೀರಿ?”

ಹಿಂದಿನ ಸಾಲಿನಲ್ಲಿ ಹೊಸಹೊಳಲು ಇತ್ತು. ಅದರ ಕೆಳಗೆ ಗೋವಿಂದನಹಳ್ಳಿ ಎಂದು ಬರೆದು, ಅವನ ಅಜ್ಜನ ಹೆಸರು ಕೇಳಿ, ಅದನ್ನೂ ಸೇರಿಸಿದೆ.